ಚಳಿಗಾಲದ ಬಾಸಿಗೆ ಅವಸರವಿಲ್ಲ

ಚಳಿಗಾಲದಲ್ಲಿ ಬಾಸ್ ಮೀನು ಯಾವುದರ ಹಿಂದೆಯೂ ಓಡುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಶಾಲಿನಿ ಅಕ್ಕ, ಉಡುಪಿಯವರು. ನನ್ನ ಗಂಡ ಸುರೇಶ ಗ್ಯಾರೇಜಿನ ತುಂಬ ಗಾಳದ ರಾಡು, ರೀಲು ಪೇರಿಸಿದ್ದಾನೆ. ಮೂರು ಚಳಿಗಾಲದಲ್ಲಿ ಒಂದು ಮೀನೂ ಹಿಡಿದಿಲ್ಲ. ಈ ಶನಿವಾರವೂ ಸಿಗದಿದ್ದರೆ ಅವೆಲ್ಲ ಹೊರಗೆ, ನನ್ನ ಕಾರು ಒಳಗೆ ಎಂದು ಒಪ್ಪಂದವಾಗಿತ್ತು.

ಶನಿವಾರ ಕೆರೆಯ ದಡದಲ್ಲಿ ನಿಂತವನು ಐದು ನಿಮಿಷಕ್ಕೊಮ್ಮೆ ಲೂರು ಎಂಬ ಆಟಿಕೆ ಮೀನನ್ನು ಬದಲಿಸುತ್ತ, ಫ್ರೀವೇ ಹತ್ತಿದವನಂತೆ ರೀಲು ಸುತ್ತುತ್ತಿದ್ದ.

ಜೊತೆಗೆ ಬಂದಿದ್ದ ಶಾಲಿನಿ ಅಕ್ಕನಿಗೆ ತಡೆಯಲಾಗಲಿಲ್ಲ. "ನೀರು ಐಸಿನ ಹಾಗುಂಟು ಮಾರಾಯ್ರೆ, ಮೀನಿಗೆ ಓಡ್ಲಿಕ್ಕೆ ಆಗ್ತದಾ? ಆ ಕಂದು ರಬ್ಬರ್ ಹುಳ ಹಾಕಿ, ತಳದಲ್ಲೇ ಬಿಡಿ."

"ಅಕ್ಕ, ಇದು ನಿಮ್ಮ ಮಲ್ಪೆ ಬಂಗುಡೆ ಅಲ್ಲ. ನಾನು ತುಂಬಾ ರಿಸರ್ಚ್ ಮಾಡಿದ್ದೀನಿ."

ಆದರೂ ಅವರ ಬಾಯಿ ಮುಚ್ಚಿಸಲು ಹುಳ ಹಾಕಿದ. ಅಷ್ಟರಲ್ಲಿ ಆಫೀಸಿನ ಫೋನು ಬಂತು. ಒಂದು ಕೈಯಲ್ಲಿ ರಾಡು ಹಿಡಿದು, ಅಲ್ಲಾಡದೆ ಇಪ್ಪತ್ತು ನಿಮಿಷ ಮಾತಾಡಿದ. ರಾಡು ಬಾಗಿತು. ದಪ್ಪನೆಯ ಬಾಸು!

"ನೋಡಿದ್ಯಾ, ನನ್ನ ಟೆಕ್ನಿಕ್ಕು!" ಎಂದ. ನನ್ನ ಕಾರು ಇನ್ನೂ ಬೀದಿಯಲ್ಲೇ ಇದೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಈ ಉಪಾಯ ದಾಟಿಸಿ. ಹೆಂಗಸರು ಹೇಳಿದ್ದು ಎನ್ನಬೇಡಿ. ಯಾವುದೋ ವಿಡಿಯೋದಲ್ಲಿ ನೋಡಿದೆ ಎನ್ನಿ, ತಕ್ಷಣ ಕೇಳುತ್ತಾರೆ.