ಪೀಲಮ್ಮ ಕಳೆದುಕೊಂಡ ಓಟು

ಇವತ್ತು ಮತ ಹಾಕಲು ಹೊರಟವನ ಮೂಗಿಗೆ ಪಕ್ಕದ ಮನೆಯ ಹಿತ್ತಿಲಿನಿಂದ ವಿನೆಗರ್ ವಾಸನೆ ಬಡಿಯಿತು. ಪೀಲಮ್ಮ ಮಾರಿಕಣಿವೆ ಜಲಾಶಯದ ಮೀನಿನ ಉಪ್ಪಿನಕಾಯಿ ಹಾಕುತ್ತಿದ್ದಾರೆಂದು ಬೀದಿಗೆಲ್ಲ ಅದೇ ಡಂಗುರ. ಹಿರಿಯೂರಿನ ನಮ್ಮ ಬೀದಿಯಲ್ಲಿ ಮಧ್ಯೆ ಸುಮಾರು ದಿನ ಈ ವಾಸನೆ ಇರಲಿಲ್ಲ. ಯಾಕೆಂದು ಹೇಳುತ್ತೇನೆ ಕೇಳಿ. ಮತಗಟ್ಟೆ ಹೇಗೂ ಸಂಜೆಯವರೆಗೆ ತೆರೆದಿರುತ್ತದೆ.

ಅವರ ನಿಜವಾದ ಹೆಸರು ಫಿಲೋಮಿನಾ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ ಅಲ್ಲಿ ಹುಟ್ಟಿದವರು. ನೀರಾವರಿ ಕಚೇರಿಯಲ್ಲಿದ್ದ ಬಸವರಾಜಪ್ಪನವರನ್ನು ಮೆಚ್ಚಿ ಮದುವೆಯಾಗಿ ಇಲ್ಲಿಗೆ ಬಂದರು. ಹೆಸರು ನಮ್ಮವರ ನಾಲಿಗೆಯಲ್ಲಿ ಸವೆದು ಪೀಲಮ್ಮ ಆಯಿತು. ಬಸವರಾಜಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಪೀಲಮ್ಮ ಮತ್ತು ಗಂಡನ ಅಕ್ಕ ಶಿವಕ್ಕ. ಶಿವಕ್ಕ ಲಿಂಗಪೂಜೆಯಾಗದೆ ನೀರು ಕುಡಿಯದವರು. ಅದಕ್ಕೇ ಮೀನಿನ ಒಲೆ ಹಿತ್ತಿಲಿನಲ್ಲಿ. ಒಲೆ ಎರಡಾದರೂ ಮನೆ ಒಂದೇ ಆಗಿತ್ತು.

ಪೀಲಮ್ಮನ ಅಕ್ಕ ರೋಜಾ ಇದ್ದದ್ದು ಲಿಸ್ಬನ್ನಿನಲ್ಲಿ, ಒಂಟಿಯಾಗಿ. ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಪೀಲಮ್ಮ ವೀಸಾಕ್ಕೆ ಅರ್ಜಿ ಹಾಕಿದರೆ ಕೊಡಲಿಲ್ಲ. ಇನ್ನೊಮ್ಮೆ ಹಾಕಿದರು, ಆಗಲೂ ಇಲ್ಲ. ರೋಜಾ ಫೋನಿನಲ್ಲಿ ಇನ್ನೊಂದು ದಾರಿ ಹೇಳಿದರಂತೆ: ಗೋವಾದಲ್ಲಿ ಆ ಕಾಲಕ್ಕೆ ಹುಟ್ಟಿದವರು ಕೇಳಿದರೆ ಪೋರ್ಚುಗಲ್ ಪೌರತ್ವ ಕೊಡುತ್ತದೆ.

"ಮೇಷ್ಟ್ರೇ, ಅದೂ ಇರ್ಲಿ, ಇದೂ ಇರ್ಲಿ ಅಂದ್ರೆ ಆಗುತ್ತೇನ್ರಿ?" ಎಂದು ಪೀಲಮ್ಮ ನನ್ನನ್ನು ಕೇಳಿದರು.

ಜೀವಮಾನವಿಡೀ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿದವನು ನಾನು. ನನ್ನ ಲೆಕ್ಕದಲ್ಲಿ ಅದು ಎರಡು ಅಂಕದ ಪ್ರಶ್ನೆ. "ನಮ್ಮಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲಮ್ಮ" ಎಂದು ಕನ್ನಡಕ ಸರಿಮಾಡಿಕೊಂಡು ಪೂರ್ಣಾಂಕದ ಉತ್ತರ ಕೊಟ್ಟೆ. ಆಮೇಲೆ ಅವರ ಮುಖ ನೋಡಿದೆ.

ನನ್ನ ಪಾಂಡಿತ್ಯದ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲದ್ದರಿಂದ ಚಿತ್ರದುರ್ಗದ ವಕೀಲರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಅವರೂ ಅದನ್ನೇ ಹೇಳಿದರು. "ಅಲ್ಲೀದು ತಗಂಡ್ರೆ ಇಲ್ಲೀದು ಹೋಗ್ತೈತಮ್ಮ. ಆಮೇಲೆ ಇಲ್ಲಿಗೆ ಬಂದು ಇರಾಕೆ ಒಂದು ಕಾರ್ಡ್ ಮಾಡಿಸ್ಕಬೌದು. ಮನೆ ನಿಮ್ದೇ ಇರ್ತೈತೆ. ಓಟು ಮಾತ್ರ ಇರಲ್ಲ."

ವಾಪಸ್ ಬರುವ ಬಸ್ಸಿನಲ್ಲಿ, ಊರು ಹತ್ತಿರವಾದಾಗ ಪೀಲಮ್ಮ, "ಓಟು ಹೋದ್ರೆ ಹೋಗ್ಲಿ. ಶಿವಕ್ಕಂಗೆ ಹೆಂಗ್ ಹೇಳ್ಲಿ?" ಎಂದರು.

ಹೇಳುವಾಗ ಧೈರ್ಯಕ್ಕೆ ನಾನೂ ಇರಬೇಕಂತೆ. ಶಿವಕ್ಕ ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡರು. ಕೈ ನಿಲ್ಲಲಿಲ್ಲ.

"ಬಿದ್ದಿರಾಳು ನಿನ್ನ ಒಡಹುಟ್ಟಿದೋಳು. ಯೋಚ್ನೆ ಮಾಡಾಕೆ ಏನೈತೆ?"

"ನೀವು ಒಬ್ರೇ ಆಗ್ತೀರಲ್ಲ."

"ನಾನೇನು ಸೊಂಟ ಮುರ್ಕಂಡೀನಾ? ಹೋಗ್ಬಾ."

ಗೋವಾದಿಂದ ಜನನದ ದಾಖಲೆ ತರಿಸಿದ್ದಾಯಿತು, ಕಾದದ್ದಾಯಿತು. ಕೊನೆಗೆ ಅಲ್ಲಿಯ ಪಾಸ್‌ಪೋರ್ಟ್ ಬಂತು, ಇಲ್ಲಿಯದನ್ನು ಒಪ್ಪಿಸಿದರು. ಹೋಗಿ ಅಕ್ಕನ ಸೇವೆ ಮಾಡಿದರು. ಮರುವರ್ಷ ರೋಜಾ ತಂಗಿಯ ಕೈಯಲ್ಲೇ ಗಂಜಿ ಕುಡಿದು ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಪೀಲಮ್ಮ ಹಿರಿಯೂರಿಗೆ ಬಂದರು.

ಬಂದ ಮೇಲೆ ಒಮ್ಮೆ ಕೇಳಿದ್ದೆ, ಬೇಜಾರಿದೆಯೇ ಎಂದು. "ಹೋಗಿದ್ದಕ್ಕೆ ಏನೂ ಇಲ್ರಿ. ಬೆಂಗಳೂರು ಏರ್‌ಪೋರ್ಟಲ್ಲಿ ಇಳ್ದು ಸಾಲಿನಾಗೆ ನಿಂತೆ ನೋಡ್ರಿ, ಒಬ್ಬ ಹುಡುಗ ಪಾಸ್‌ಪೋರ್ಟ್ ನೋಡಿ, 'ಮೇಡಂ, ಫಾರಿನರ್ಸ್ ಆ ಕಡೆ' ಅಂದ. ನಾನು ಕನ್ನಡದಾಗೆ 'ಯಾವ ಕಡೆನಪ್ಪ?' ಅಂದೆ. ಪಾಪ, ಅವ್ನಿಗೇ ಗಾಬರಿಯಾತು."

ಇಷ್ಟು ಹೇಳುವಷ್ಟರಲ್ಲಿ ನಾನು ಮತಗಟ್ಟೆ ಮುಟ್ಟಿ, ಓಟು ಹಾಕಿ ಹೊರಗೆ ಬಂದಿದ್ದೆ. ನೋಡಿದರೆ ಒಲೆ ಆರಿಸಿ ಪೀಲಮ್ಮನೂ ಬಂದಿದ್ದಾರೆ. ಶಿವಕ್ಕನನ್ನು ಕೈಹಿಡಿದು ಕರೆತಂದು, ಒಳಗೆ ಬಿಟ್ಟು, ಬೇವಿನ ಮರದ ಕೆಳಗೆ ಕೂತಿದ್ದರು. ಶಿವಕ್ಕ ಹೊರಬಂದರು.

"ಯಾರಿಗೆ ಹಾಕಿದ್ರಿ ಶಿವಕ್ಕ?"

"ನಿಂಗ್ಯಾಕೆ ಹೇಳ್ಲಿ? ನೀನು ಫಾರಿನ್ನೋಳು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಪೀಲಮ್ಮನೂ ನಕ್ಕರು, ಆದರೆ ನಗು ಬೇಗ ನಿಂತಿತು. ಶಿವಕ್ಕ ಅದನ್ನು ನೋಡಿದರು. ಹತ್ತಿರ ಬಗ್ಗಿ, ಗುಟ್ಟೆಂದುಕೊಂಡು ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ರಾತ್ರಿ ನೀನು ಯಾರು ವಾಸಿ ಅಂದ್ಯಲ್ಲ, ಅವ್ರಿಗೇ ಒತ್ತಿ ಬಂದೀನಿ. ಏಳು, ಮನಿಗೆ ಹೋಗಾಣ."