ಅತ್ಯಾ ಹಚ್ಚಿದ ಮೇಣದಬತ್ತಿಗಳು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ಹುಳಿ ವಾಸನೆ ಎಲ್ಲಿಯಾದರೂ ಮೂಗಿಗೆ ತಾಗಿದರೆ, ಸದಾಶಿವ ಪೇಠದ ನಮ್ಮ ಹಳೆಯ ವಾಡೆ ಮನೆಯೂ, ಅದರ ಹಿತ್ತಲಿನ ನಲ್ಲಿಯ ಕಟ್ಟೆಯ ಮೇಲೆ ಸೆರಗು ಸಿಕ್ಕಿಸಿಕೊಂಡು ಕೂತ ಅತ್ಯಾಳೂ ಕಣ್ಣ ಮುಂದೆ ಬರುತ್ತಾರೆ. ಅತ್ಯಾ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ವಿಜಾಪುರದಿಂದ ತಮ್ಮನ ಮನೆಗೆ ಬಂದವಳು, ಇಲ್ಲಿ ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸ ಹಿಡಿದಿದ್ದಳು. ಅವಳಿಗಿದ್ದದ್ದು ಒಂದೇ ಹುಚ್ಚು. ರಜೆಯ ದಿನ ನನ್ನ ಕೈ ಹಿಡಿದುಕೊಂಡು ಹಳೇ ಸಾಮಾನಿನ ಬಜಾರಕ್ಕೆ ಹೋಗಿ, ಹಿಂದೆ ಇಂಗ್ಲಿಷ್ ಸೈನ್ಯಾಧಿಕಾರಿಗಳಿದ್ದ ದಂಡಿನ ಬಂಗಲೆಗಳಿಂದ ಗುಜರಿಗೆ ಬಂದ ವಿಲಾಯತಿ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡುಗಳನ್ನು ಹುಡುಕಿ ತರುತ್ತಿದ್ದಳು. ತಿರುಚಿದ ಕಂಬದವು, ದ್ರಾಕ್ಷಿ ಬಳ್ಳಿ ಸುತ್ತಿದವು, ಐದು ಕೊಂಬೆಗಳ ದೊಡ್ಡದೊಂದು. ಸಂದುಗಳಲ್ಲಿ ಉಳಿದ ಹಳೆಯ ಮೇಣವನ್ನು ಬಿಸಿನೀರಿನಿಂದ ಬಿಡಿಸುತ್ತ, ಇದು ಯಾರ ಊಟದ ಮೇಜಿನ ಮೇಲೆ ಉರಿದಿತ್ತೋ ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ಆದರೆ ಬತ್ತಿ ಮಾತ್ರ ಎಂದೂ ಹಚ್ಚಲಿಲ್ಲ. ದೇವರ ದೀಪಕ್ಕೂ ಅವಳು ಕೈ ಹಾಕುತ್ತಿರಲಿಲ್ಲ. ಅವ್ವ ಎಷ್ಟು ಕರೆದರೂ ತಾನೇ ಹಿಂದೆ ಸರಿಯುತ್ತಿದ್ದಳು.

ನನ್ನ ಅಕ್ಕನ ಕುಬಸದ ಸಂಜೆ ಮನೆ ತುಂಬ ಮುತ್ತೈದೆಯರಿದ್ದರು. ಚೊಚ್ಚಲ ಬಸುರಿ ಅಕ್ಕ ಹಸಿರು ಸೀರೆಯುಟ್ಟು ನಡುವೆ ಕೂತಿದ್ದಳು. ಅತ್ಯಾ ಒಳಗಿನ ಕೋಣೆಯಲ್ಲಿ ಎಲೆ ಒರೆಸುತ್ತಿದ್ದಳು. ಇನ್ನೇನು ಉಡಿ ತುಂಬಬೇಕು, ಕರೆಂಟು ಹೋಯಿತು. ಅವ್ವ ಕತ್ತಲಲ್ಲೇ ತಡವರಿಸುತ್ತ ಕೋಣೆಯ ಬಾಗಿಲಿಗೆ ಬಂದಳು.

"ಅಕ್ಕಾರ, ನಿಮ್ಮ ಸ್ಟ್ಯಾಂಡ್ ಎಲ್ಲಾ ತರ್ರಿ. ಬತ್ತಿ ನೀವ ಹಚ್ಚರಿ."

ಸಾಸವಡದಿಂದ ಬಂದಿದ್ದ ಹಿರಿಯ ನೆಂಟರೊಬ್ಬರು, ಶುಭಕಾರ್ಯದಲ್ಲಿ ಆಕೆಯ ಕೈ ಯಾಕೆ ಎಂದು ಗೊಣಗಿದರು. ಎಂದೂ ಹಿರಿಯರಿಗೆ ಎದುರಾಡದ ಅವ್ವ ಅವರತ್ತ ತಿರುಗಿದಳು.

"ನನ್ನ ಮಗಳನ್ನ ಎತ್ತಿ ಆಡಿಸಿದ್ದೂ ಅದ ಕೈರಿ. ನಿಮಗ ಬ್ಯಾಡಾದ್ರ ಕಣ್ಣು ಮುಚ್ಚಿಕೊಂಡು ಕೂಡ್ರಿ."

ಅತ್ಯಾ ಸ್ಟ್ಯಾಂಡುಗಳನ್ನು ತಂದು ಅಕ್ಕನ ಸುತ್ತ ಇಟ್ಟಳು. ನಾನು ಓಡಿಹೋಗಿ ಅಂಗಡಿಯಿಂದ ಬತ್ತಿ ತಂದೆ. ಅತ್ಯಾ ಗೀರಿದ ಮೊದಲ ಕಡ್ಡಿ ಆರಿತು. ಎರಡನೆಯದು ಹತ್ತಿತು. ಒಂದೊಂದಾಗಿ ಆ ಪರದೇಶದ ಹಿತ್ತಾಳೆಯೆಲ್ಲ ಬೆಳಗಿ, ಜರಿಯಂಚುಗಳ ಮೇಲೆ, ಹಸಿರು ಬಳೆಗಳ ಮೇಲೆ, ಅಕ್ಕನ ತುಂಬಿದ ಕೆನ್ನೆಗಳ ಮೇಲೆ ಜೇನಿನ ಬಣ್ಣದ ಬೆಳಕು ಹರಡಿತು. ಅತ್ಯಾ ಒಳಗೆ ಹೋಗಲೆಂದು ತಿರುಗಿದಾಗ ಅಕ್ಕ ಅವಳ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂದು ಮೇಲಿನ ಫ್ಯಾನು ತಿರುಗತೊಡಗಿತು. ಬತ್ತಿಗಳು ಆರಬಾರದೆಂದು ಅವ್ವ ಎದ್ದು ಹೋಗಿ ಫ್ಯಾನನ್ನೂ, ಟ್ಯೂಬ್‌ಲೈಟನ್ನೂ ಆರಿಸಿದಳು. ಸೆಕೆಯಲ್ಲಿ ಬೆವರುತ್ತಲೇ ಎಲ್ಲರೂ ಹಾಡು ಹೇಳಿದರು.

ಅತ್ಯಾ ಹೋದಳು, ಕೆಲವು ವರ್ಷಗಳಿಗೆ ಅವ್ವನೂ ಹೋದಳು. ವಾಡೆ ಕೆಡವಿದ ಜಾಗದಲ್ಲಿ ಈಗ ಕೋಚಿಂಗ್ ಕ್ಲಾಸುಗಳ ಕಟ್ಟಡವಿದೆ. ಆ ದಾರಿಯಲ್ಲಿ ಹೋಗುವಾಗ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ಹಿಂದಿನ ರಿಕ್ಷಾದವನು ಹಾರ್ನ್ ಒತ್ತುತ್ತಾನೆ. ಅವನದೇನು ತಪ್ಪು? ಅಲ್ಲಿ ನಿಂತು ನೋಡುವಂಥದ್ದು ಅವನಿಗೆ ಏನೂ ಕಾಣುವುದಿಲ್ಲ.