ಮನೆಗೂ ಒಂದು ಅಂಗಿ

ಟೈಲರಮ್ಮನಿಗೆ ಸಂದು ಕಂಡರೆ ಆಗುವುದಿಲ್ಲ. ಬಟ್ಟೆಯಲ್ಲಿರಲಿ, ಬಾಗಿಲಲ್ಲಿರಲಿ, ಕೈ ತಾನಾಗಿ ಸೂಜಿಗೆ ಹೋಗುತ್ತದೆ. ಅಂಥವಳ ಮನೆಗೆ ಚಳಿಗಾಲದ ರಜೆಗೆಂದು ಮೊಮ್ಮಗಳನ್ನು ಬಿಡಲು ಬಂದ ಮಗಳು, ಹೋದ ಸಲ ಇಲ್ಲಿ ಮಗುವಿಗೆ ಉಬ್ಬಸ ಬಂದದ್ದನ್ನು ನೆನಪಿಸಿ, ಈ ಸಲವೂ ಹಾಗಾದರೆ ಇನ್ನು ಕಳಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಹೋದಳು.

ತಪ್ಪೆಲ್ಲ ಚಳಿಗಾಳಿಯದ್ದೇ ಎಂದು ಟೈಲರಮ್ಮ ತೀರ್ಮಾನಿಸಿದಳು. ಹೀಟರ್ ಹಾಕಿದರೆ ಕರೆಂಟು ದಂಡ, ಬಿಸಿಯೆಲ್ಲ ಸಂದಿನಿಂದ ಬೀದಿಪಾಲು. ಸರಿ, ಮನೆಗೇ ಒಂದು ಅಂಗಿ ಹೊಲಿದರಾಯಿತು! ಚಿಂದಿ ತುಂಬಿದ ಉದ್ದನೆಯ ಚೀಲಗಳು ಬಾಗಿಲಡಿ ಮಲಗಿದವು. ಹಳೆಯ ಕೋಟಿನ ಬಟ್ಟೆ ಎರಡೆರಡು ಪದರವಾಗಿ ಕಿಟಕಿಗಳನ್ನು ಮುಚ್ಚಿತು. ಅಡುಗೆಮನೆಯ ಗಾಳಿಕಿಂಡಿಗೂ ಅಳತೆ ತೆಗೆದು ಒಂದು ದಿಂಬು ತುರುಕಿದಳು. ಬಸ್ ಓಡಿಸುವ ಗಂಡ ನೋಡಿ, ಇನ್ನು ನನ್ನ ಬಾಯಿಗೂ ಒಂದು ಗುಂಡಿ ಹೊಲಿದುಬಿಡು ಎಂದ. ಆದರೆ ಹೀಟರಿಲ್ಲದೆಯೇ ಮನೆ ಬೆಚ್ಚಗಾಗಿತ್ತು. ಟೈಲರಮ್ಮ ಬೀಗಿದ್ದೇ ಬೀಗಿದ್ದು.

ವಾರ ಕಳೆಯುವುದರೊಳಗೆ ಕಿಟಕಿಯ ಗಾಜು ಒಳಗಿನಿಂದ ಬೆವರತೊಡಗಿತು. ಅಡುಗೆಯ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ, ಯಾವುದಕ್ಕೂ ಹೊರಗೆ ಹೋಗಲು ದಾರಿಯಿಲ್ಲ. ಒಂದು ಬೆಳಿಗ್ಗೆ ಮೊಮ್ಮಗಳ ಎದೆ ಸುಯ್‌ಗುಟ್ಟಿತು. ಇನ್ಹೇಲರ್ ಕೊಟ್ಟು ಅಂಗಳದ ಬಿಸಿಲಲ್ಲಿ ಕೂರಿಸಿ ಬಂದು ಮಂಚ ಸರಿಸಿದರೆ, ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ಮಗು ಉಸಿರಾಡುವ ಗಾಳಿಯನ್ನು ತಾನೇ ಕೆಡಿಸಿದೆನಲ್ಲ ಎಂದು ಟೈಲರಮ್ಮನಿಗೆ ಆಗ ಹೊಳೆಯಿತು.

ಕಿಂಡಿಯ ದಿಂಬು, ಕಿಟಕಿಗಳ ಬಟ್ಟೆ ಎಲ್ಲ ಕಿತ್ತಳು. ಒದ್ದೆ ಬಟ್ಟೆ ಅಂಗಳಕ್ಕೆ ಹೋಯಿತು. ಒಲೆ ಹಚ್ಚಿದಾಗ, ಸ್ನಾನ ಮುಗಿದಾಗ ಸ್ವಲ್ಪ ಹೊತ್ತು ಕಿಟಕಿ ತೆಗೆಯಲೇಬೇಕೆಂದು ಕಟ್ಟಪ್ಪಣೆಯಾಯಿತು. ಗಂಡ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಉಜ್ಜಿದ. ಬಾಗಿಲಡಿಯ ಚೀಲಗಳು ಮಾತ್ರ ಉಳಿದವು. ಪಾಪ, ಅವು ಏನೂ ಕೆಡುಕು ಮಾಡಿರಲಿಲ್ಲ. ಸಂಜೆ ಹೊತ್ತಿಗೆ ಮಗುವಿನ ಉಸಿರು ಹಗುರಾಯಿತು. ಸರಿಹೋಯಿತಲ್ಲ, ಮಗಳಿಗೆ ಯಾಕೆ ಹೇಳುವುದು ಎಂದು ಗಂಡ ಮೆಲ್ಲಗೆ ಹೇಳಿ ನೋಡಿದ. ಟೈಲರಮ್ಮ ಆಗಲೇ ಫೋನ್ ಹಿಡಿದಿದ್ದಳು.

“ಮಗೂಗೆ ಉಬ್ಬಸ ಬಂದಿತ್ತು ಕಣೇ. ನಾನೇ ಕಾರಣ. ಬಂದು ಕರ್ಕೊಂಡು ಹೋಗು.”

ಮರುದಿನ ಮಧ್ಯಾಹ್ನ ಮಗಳು ಬಂದಾಗ ಮಗು ನಿದ್ದೆಯಲ್ಲಿತ್ತು. ಅದರ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಟೈಲರಮ್ಮ ಫ್ರಾಕುಗಳನ್ನೆಲ್ಲ ಮಡಿಸಿ ಬ್ಯಾಗಿಗೆ ತುಂಬಿ, ಪಕ್ಕದಲ್ಲಿ ನಿಂತಿದ್ದಳು. ಮಗಳು ಬ್ಯಾಗು ಎತ್ತಿಕೊಂಡು ಹೋಗಿ ಬೀರುವಿನೊಳಗೆ ಇಟ್ಟಳು.

“ರಜ ಮುಗಿಯೋವರೆಗೂ ಇಲ್ಲೇ ಇರ್ಲಿ. ನೀನು ಹೇಳ್ದೆ ಇದ್ದಿದ್ರೆ ಮಾತ್ರ ಇನ್ಯಾವತ್ತೂ ಕಳಿಸ್ತಿರ್ಲಿಲ್ಲ ಅಮ್ಮ.”